ಪುಕ್ಕಟೆ ವಿಪಿಎನ್ ಮತ್ತು ನಾನು ಸಹಿ ಮಾಡಿದ ವರದಿ

ಪೀಣ್ಯದ ಕಾರ್ಖಾನೆಯಲ್ಲಿ ಬೆನ್ನ ಹಿಂದೆ ನನಗಿದ್ದ ಹೆಸರು ‘ಡೌಟ್ ಮೇಡಂ’. ಎದುರಿಗೆ ಎಲ್ಲರೂ ಶಿವಲೀಲಾ ಮೇಡಂ ಅನ್ನುತ್ತಿದ್ದರು. ಆ ಇನ್ನೊಂದು ಹೆಸರು ನನ್ನ ಕಿವಿಗೆ ಬಿದ್ದಿಲ್ಲವೆಂದು ಅವರು ನಂಬಿದ್ದರು. ಬಿದ್ದಿತ್ತು, ಬೇಜಾರೇನೂ ಆಗಿರಲಿಲ್ಲ. ಕಂಪ್ಯೂಟರುಗಳ ನೆಟ್‌ವರ್ಕ್ ಕಾಯುವ ಕೆಲಸಕ್ಕೆ ಅನುಮಾನವೇ ಬಂಡವಾಳ. ಹಗ್ಗ ಕಂಡರೂ ಮೊದಲು ಹಾವೆಂದು ನೋಡಿ, ಕೋಲಿನಿಂದ ತಿವಿದು, ಆಮೇಲೆ ಹಗ್ಗವೆಂದು ಒಪ್ಪಿಕೊಳ್ಳುವವರೇ ಈ ಕೆಲಸದಲ್ಲಿ ಬಹಳ ದಿನ ಉಳಿಯುವುದು.

ಈಗ ನಿವೃತ್ತಿಯಾಗಿದೆ. ನನ್ನ ಅಕ್ಕನ ಮಗಳು ಸೌಮ್ಯ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಕ್ಯಾಬಿನಿಂದ ಫೋನ್ ಮಾಡಿದಳು. “ಚಿಕ್ಕಮ್ಮ, ಎಲ್ರೂ ನನ್ನ ಇದೊಂದೇ ಕೇಳ್ತಾರೆ. ಫ್ರೀ ವಿಪಿಎನ್ ಹಾಕ್ಕೊಂಡ್ರೆ ನಮ್ ಪ್ರೈವೆಸಿ ಸೇಫಾ ಅಂತ. ಒಂದ್ ಲೈನಲ್ಲಿ ಹೇಳ್ಬಿಡಿ, ಹಂಗೇ ಫಾರ್ವರ್ಡ್ ಮಾಡ್ತೀನಿ.”

ಒಂದೇ ಸಾಲಿನಲ್ಲಾದರೆ ‘ನಂಬಬೇಡಿ’ ಎಂದು ಮುಗಿಸಬಹುದಿತ್ತು. ಆದರೆ ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಶರಣಪ್ಪ ನೆನಪಾಗುತ್ತಾನೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅವನ ತಲೆಯ ಮೇಲೆ ಬಿದ್ದಿತು. ಅದನ್ನು ಬರೆಯದೆ ಬರೀ ಬುದ್ಧಿವಾದ ಹೇಳಿದರೆ ನನಗೇ ನಾಚಿಕೆ. ಹಾಗಾಗಿ ಸೌಮ್ಯಳಿಗೂ ಅವಳ ಜೊತೆಯವರಿಗೂ ಇದನ್ನು ಬರೆದಿಡುತ್ತಿದ್ದೇನೆ.

ನಾನು ದಾವಣಗೆರೆಯಿಂದ ಬಂದು ಆ ಕಾರ್ಖಾನೆ ಸೇರಿದಾಗ ಅಲ್ಲಿ ಮೂರೇ ಮೂರು ಕಂಪ್ಯೂಟರುಗಳಿದ್ದವು. ಅವುಗಳ ಕೋಣೆಗೆ ಎ.ಸಿ. ಇತ್ತು, ಮಾಲೀಕರ ಕೋಣೆಗೆ ಇರಲಿಲ್ಲ. ಒಳಗೆ ಬರುವವರು ಚಪ್ಪಲಿ ಬಿಟ್ಟು ಬರಬೇಕು. ಒಮ್ಮೆ ಸ್ಟೋರ್ಸಿನ ಗುಮಾಸ್ತರೊಬ್ಬರು ಫ್ಲಾಪಿಯನ್ನು ಕರವಸ್ತ್ರದಲ್ಲಿ ಒರೆಸಿ ಒರೆಸಿ ಕೊಟ್ಟು, “ಈಗ ವೈರಸ್ ಹೋಗಿರುತ್ತೆ ಮೇಡಂ” ಅಂದಿದ್ದರು. ಆ ಕಾಲದಲ್ಲಿ ನನ್ನ ಕೆಲಸ ಸುಲಭವಿತ್ತು. ಬರುವ ಅಪಾಯ ಒಂದೇ ಬಾಗಿಲಿನಿಂದ, ಯಾರಾದರೊಬ್ಬರ ಕೈಯಲ್ಲಿ ಬರಬೇಕಿತ್ತು. ಆಮೇಲೆ ಇಂಟರ್ನೆಟ್ ಬಂತು, ಅದಾದ ಮೇಲೆ ಪ್ರತಿಯೊಬ್ಬರ ಜೇಬಿಗೂ ಫೋನ್ ಬಂತು. ಬಾಗಿಲುಗಳನ್ನು ಎಣಿಸುವುದನ್ನು ನಾನು ಬಿಟ್ಟೆ.

ವಿಪಿಎನ್ ಅನ್ನುವ ಮಾತನ್ನು ನಮ್ಮ ಕಾರ್ಖಾನೆಯಲ್ಲಿ ಮೊದಲು ಮನೆಮಾತು ಮಾಡಿದವರು ಪ್ಲಾಂಟ್ ಮ್ಯಾನೇಜರ್ ಸೋಮಶೇಖರ್ ಸಾರ್. ಒಳ್ಳೆಯ ಮನುಷ್ಯ, ಆದರೆ ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ. ಪರವೂರಿನ ಹೋಟೆಲಿನಲ್ಲಿ ಯಾರೋ ಅವರಿಗೆ, ಹೋಟೆಲಿನ ವೈಫೈ ಅಪಾಯ, ವಿಪಿಎನ್ ಹಾಕಿಕೊಳ್ಳಿ ಎಂದು ಹೇಳಿದ್ದರು. ಮಾತು ಸುಳ್ಳಲ್ಲ. ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ಒಂದು ಮುಚ್ಚಿದ ದಾರಿಯಲ್ಲಿ ಬೇರೊಬ್ಬರ ಕಂಪ್ಯೂಟರಿಗೆ ಒಯ್ದು, ಅಲ್ಲಿಂದ ಲೋಕಕ್ಕೆ ಬಿಡುವ ವ್ಯವಸ್ಥೆ. ಹೋಟೆಲಿನವನಿಗೆ ಏನೂ ಕಾಣುವುದಿಲ್ಲ. ಆದರೆ ಆ ‘ಬೇರೊಬ್ಬ’ ಯಾರು ಎಂದು ಸಾರ್ ಕೇಳಲಿಲ್ಲ. ಪುಕ್ಕಟೆ ಎಂದು ಬರೆದಿದ್ದನ್ನು ಆಫೀಸ್ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದರು.

ವಾರದೊಳಗೆ ಅವರು ಏನು ಹುಡುಕಿದರೂ ಯಾವುದೋ ಅಪರಿಚಿತ ಪುಟ ತೆರೆಯತೊಡಗಿತು. ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಎಲ್ಲೆಲ್ಲೂ ಬರುತ್ತಿತ್ತು.

“ಮೇಡಂ, ನನಗೆ ಮಂಡಿ ನೋವು ಅಂತ ಇವರಿಗೆ ಯಾರು ಹೇಳಿದ್ರು?” ಅಂದರು.

“ನೀವೇ ಹೇಳಿದ್ದೀರಿ ಸಾರ್. ಎಲ್ಲೋ ಹುಡುಕಿರ್ತೀರಿ.”

“ಅದು ಪ್ರೈವೇಟ್ ಅಂತ ಬರೆದಿತ್ತಲ್ಲ ಮೇಡಂ.”

“ಬರೆದೋರು ಯಾರು ಸಾರ್?”

ಸಾರ್ ನಕ್ಕರು. ನಾನು ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿಕೊಟ್ಟೆ. ಆ ವಿಪಿಎನ್‌ನವರೇ ಮಾಹಿತಿ ಮಾರಿದರೆಂದು ನನಗೆ ಸಾಬೀತು ಮಾಡಲು ಆಗಲಿಲ್ಲ, ಬಲವಾದ ಅನುಮಾನ ಮಾತ್ರ. ಈ ವಿಷಯದಲ್ಲಿ ಯಾರ ಮೇಲೂ ವರದಿ ಬರೆಯಲಿಲ್ಲ, ಯಾರನ್ನೂ ಕರೆಸಿ ವಿಚಾರಿಸಲಿಲ್ಲ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ.

ಕೆಲವು ವರ್ಷಗಳ ಮೇಲೆ ಕಾರ್ಖಾನೆಯ ಕ್ಯಾಂಟೀನಿಗೆ ವೈಫೈ ಹಾಕಿಸಿದೆವು. ತಗಡಿನ ಶೆಡ್ಡುಗಳ ನಡುವೆ ಫೋನಿನ ಸಿಗ್ನಲ್ ಸಿಗುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಮನೆಗೊಂದು ಮಾತಾಡಲು ಜನ ರಸ್ತೆಗೆ ಓಡುತ್ತಿದ್ದರು. ಪ್ರತಿಯೊಬ್ಬ ಕಾರ್ಮಿಕನಿಗೂ ಅವನ ನೌಕರಿ ಸಂಖ್ಯೆಯದೇ ಲಾಗಿನ್ ಕೊಟ್ಟೆ. ಎರಡೇ ವಾರದಲ್ಲಿ ಊಟದ ಹೊತ್ತಿಗೆ ನೆಟ್ ತೆವಳತೊಡಗಿತು. ಸೋಮಶೇಖರ್ ಸಾರ್ ಗೊಣಗಿದರು. ನಾನು ಕ್ಯಾಂಟೀನ್ ವೈಫೈನಲ್ಲಿ ವಿಡಿಯೋ, ವಿಡಿಯೋ ಕಾಲ್ ಎಲ್ಲವನ್ನೂ ಬಂದ್ ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದು ಅದರಲ್ಲಿ ಏನಿದೆ ಅನ್ನಿಸಿತ್ತು.

ನಾವು ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರುತ್ತಾರೆ. ವಿಪಿಎನ್ ಹಾಕಿಕೊಂಡರೆ ನನ್ನ ಬೀಗ ಕೆಲಸ ಮಾಡುವುದಿಲ್ಲ ಎಂದು ಯಾರೋ ಕಂಡುಹಿಡಿದರು. ಒಬ್ಬನ ಫೋನಿನಿಂದ ಇನ್ನೊಬ್ಬನಿಗೆ, ಎಲೆಯಡಿಕೆ ಹಂಚಿದಂತೆ, ಒಂದು ಪುಕ್ಕಟೆ ಆಪ್ ಇಡೀ ಕ್ಯಾಂಟೀನಿಗೆ ಹಂಚಿಕೆಯಾಯಿತು. ನನಗೆ ಗೊತ್ತಿತ್ತು. ಪುಕ್ಕಟೆ ಆಪಿನ ವೇಗವೇ ಕಡಿಮೆಯಾದ್ದರಿಂದ ನೆಟ್ ಮೊದಲಿನಷ್ಟು ತೆವಳುತ್ತಿರಲಿಲ್ಲ, ಸುಮ್ಮನಿದ್ದೆ.

ಹೀಗಿರುವಾಗ ಸೈಬರ್ ಪೊಲೀಸರಿಂದ ಒಂದು ಪತ್ರ ಬಂತು. ಇಂಥ ದಿನ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯ ಒಳಗೆ, ನಿಮ್ಮ ಕಾರ್ಖಾನೆಯ ಇಂಟರ್ನೆಟ್ಟಿನಿಂದ, ಬೇರೆ ಊರಿನ ಮಹಿಳೆಯೊಬ್ಬರ ಬ್ಯಾಂಕ್ ಖಾತೆಗೆ ನುಗ್ಗಲು ಹಲವು ಸಲ ಪ್ರಯತ್ನವಾಗಿದೆ. ಆ ಹೊತ್ತಿನಲ್ಲಿ ಬಳಸುತ್ತಿದ್ದವರು ಯಾರು, ತಿಳಿಸಿ.

ನಮ್ಮ ಕೆಲಸದವರಿಗೆ ಇಂಥ ಪತ್ರ ಬಂದರೆ ಒಳಗೊಳಗೇ ಒಂದು ಹುಮ್ಮಸ್ಸು ಬರುತ್ತದೆ, ಸುಳ್ಳು ಹೇಳಬಾರದು. ನಮ್ಮಲ್ಲಿ ಲಾಗ್ ಇರುತ್ತಿತ್ತು. ಯಾವ ಲಾಗಿನ್, ಯಾವ ಫೋನು, ಎಷ್ಟು ಹೊತ್ತಿಗೆ, ಯಾವ ತಾಣಕ್ಕೆ ಹೋಯಿತು ಎಂದು ಯಂತ್ರವೇ ಬರೆದಿಡುವ ದಾಖಲೆ ಅದು. ಅರ್ಧ ಗಂಟೆಯಲ್ಲಿ ತೆಗೆದೆ. ಆ ಬ್ಯಾಂಕಿನ ತಾಣಕ್ಕೆ ಮತ್ತೆ ಮತ್ತೆ ಹೋದದ್ದು ಕ್ಯಾಂಟೀನ್ ವೈಫೈನ ಒಂದೇ ಫೋನು. ಲಾಗಿನ್ ಶರಣಪ್ಪನದು. ಅದೇ ಫೋನಿನಿಂದ ಯಾವುದೋ ಹೊರದೇಶದ ವಿಳಾಸಕ್ಕೆ ಬಿಡದೆ ಒಂದು ಸಂಪರ್ಕವೂ ತೆರೆದೇ ಇತ್ತು. ಅದನ್ನು ನೋಡಿದೆ, ಮುಂದೆ ಹೋದೆ.

ಶರಣಪ್ಪ ಕೊಪ್ಪಳದ ಕಡೆಯವನು. ಕಾಂಟ್ರಾಕ್ಟರ್ ಮೂಲಕ ಬಂದ ಮಷಿನ್ ಆಪರೇಟರ್, ಬಾಗಲಗುಂಟೆಯಲ್ಲಿ ನಾಲ್ವರ ಜೊತೆ ಒಂದು ರೂಮಿನಲ್ಲಿದ್ದ. ಮುಂದಿನ ಪಟ್ಟಿಯಲ್ಲಿ ಅವನನ್ನು ಕಾಯಂ ಮಾಡುವ ಮಾತಿತ್ತು. ಸೋಮಶೇಖರ್ ಸಾರ್ ಅವನನ್ನು ತಮ್ಮ ಕೋಣೆಗೆ ಕರೆಸಿದರು. ನಾನೂ ಅಲ್ಲಿದ್ದೆ.

“ಇದು ನಿನ್ನ ಲಾಗಿನ್ನೇನಪ್ಪ?”

“ಹೌದ್ರಿ ಸಾಹೇಬ್ರ.”

“ನಿನ್ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಕೊಟ್ಟಿದ್ದೀಯಾ?” ಇದು ನಾನು ಕೇಳಿದ್ದು.

“ಇಲ್ರಿ ಮೇಡಂ.”

“ಫೋನಲ್ಲಿ ವಿಪಿಎನ್ ಇದೆಯಾ?”

ಅವನು ತಲೆ ತಗ್ಗಿಸಿದ. “ಐತ್ರಿ.”

ಇಡೀ ಕ್ಯಾಂಟೀನಿನ ಫೋನುಗಳಲ್ಲಿ ಅದಿದ್ದದ್ದು ನನಗೆ ಗೊತ್ತಿದ್ದರೂ, ಆಗ ನಮ್ಮಿಬ್ಬರಿಗೂ ಅದೇ ತಪ್ಪೊಪ್ಪಿಗೆ ಅನ್ನಿಸಿತು. ಮುಚ್ಚಿಡುವಂಥದ್ದು ಏನೂ ಇಲ್ಲದವನು ವಿಪಿಎನ್ ಯಾಕೆ ಹಾಕುತ್ತಾನೆ? ಇದೇ ಕೋಣೆಯ ಲ್ಯಾಪ್‌ಟಾಪಿನಲ್ಲಿ ಹಿಂದೊಮ್ಮೆ ಅದೇ ಇದ್ದದ್ದು ಆಗ ನನ್ನ ನೆನಪಿಗೆ ಬರಲಿಲ್ಲ, ಸಾರ್ ನೆನಪಿಗೂ ಬರಲಿಲ್ಲ. ಶರಣಪ್ಪ ಏನೋ ಹೇಳಲು ಬಾಯಿ ತೆರೆದ. ಸಾರ್ “ಸಾಕು, ಹೋಗು” ಅಂದರು. ನಾನು ಲಾಗ್‌ನ ಪ್ರತಿ ಲಗತ್ತಿಸಿ, ‘ಸದರಿ ಸಮಯದಲ್ಲಿ ಬಳಸುತ್ತಿದ್ದವರು ಶರಣಪ್ಪ’ ಎಂದು ವರದಿ ಬರೆದು ಸಹಿ ಹಾಕಿದೆ. ಮಧ್ಯಾಹ್ನವೇ ಕಾಂಟ್ರಾಕ್ಟರ್ ಅವನನ್ನು ಹೊರಗೆ ಕಳಿಸಿದ. ಪೀಣ್ಯದಲ್ಲಿ ಕಾಂಟ್ರಾಕ್ಟರುಗಳೆಲ್ಲ ಒಬ್ಬರಿಗೊಬ್ಬರು ಗೊತ್ತು. ‘ಅವನ ಮೇಲೆ ಪೊಲೀಸ್ ಕೇಸು’ ಎಂಬ ಮಾತು ಒಂದು ಶೆಡ್ಡಿನಿಂದ ಹೊರಟರೆ ಸಂಜೆಯೊಳಗೆ ನಾಲ್ಕು ಕ್ರಾಸ್ ದಾಟಿರುತ್ತದೆ, ಆಮೇಲೆ ಯಾರೂ ಕೆಲಸ ಕೊಡುವುದಿಲ್ಲ.

ಹತ್ತು ದಿನವಾದ ಮೇಲೆ, ಮಷಿನ್‌ಗಳಿರುವ ಶಾಪ್ ಫ್ಲೋರಿನಲ್ಲಿ ಪ್ರಿಂಟರ್ ಕೆಟ್ಟಿದೆಯೆಂದು ಹೋದೆ. ಅಲ್ಲಿನ ಪದ್ಧತಿ ಹೇಳಬೇಕು. ಗಿರಾಕಿಗಳ ಡ್ರಾಯಿಂಗ್‌ಗಳ ಫೋಟೋ ಯಾರೂ ತೆಗೆಯಬಾರದೆಂದು ಶಾಪ್ ಫ್ಲೋರಿನೊಳಗೆ ಫೋನ್ ಬಿಡುವುದಿಲ್ಲ. ಬಾಗಿಲಲ್ಲಿ ಪಾರಿವಾಳದ ಗೂಡುಗಳ ಹಾಗೆ ಸಾಲಾಗಿ ಖಾನೆಗಳಿವೆ, ಪ್ರತಿ ಖಾನೆಯಲ್ಲೂ ಚಾರ್ಜರ್ ಇದೆ. ಫೋನ್ ಕೊಟ್ಟು ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗಬೇಕು. ಸೆಕ್ಯೂರಿಟಿಯ ಹನುಮಂತಯ್ಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನೆಲಮಂಗಲದ ಕಡೆಯವನು, ನಿಧಾನಿ, ಬರವಣಿಗೆ ಅಚ್ಚುಕಟ್ಟು.

ನನ್ನ ಫೋನ್ ತೆಗೆದುಕೊಳ್ಳುತ್ತಾ ಅವನು ಕೇಳಿದ. “ಮೇಡಂ, ಒಂದ್ ಮಾತು. ಫೋನು ಸುಮ್ಕೆ ಇಟ್ಟಲ್ಲೇ ಬಿಸಿ ಆದ್ರೆ ಬೆಂಕಿ ಗಿಂಕಿ ಅತ್ಕೊಳಾಕಿಲ್ಲ ತಾನೆ?”

“ಯಾಕೆ, ಯಾವುದು ಬಿಸಿ ಆಯ್ತು?”

“ಆ ಸರಣಪ್ಪಂದು ಮೇಡಂ. ಅವ್ನು ಇದ್ದಾಗ ದಿನಾ ಇಂಗೇ. ಯಾರೂ ಮುಟ್ದೆ ಇದ್ರೂ ಕಾದ ಎಂಚಿನಂಗೆ ಆಗೋದು. ನಾನೇ ವೈರು ಕಿತ್ತಾಕ್ತಿದ್ದೆ ಒಂದೊಂದ್ ದಿನ.”

ನಾನು ಅಲ್ಲೇ ನಿಂತೆ. ಕ್ಯಾಂಟೀನಿನ ಗೋಡೆ ಆ ಖಾನೆಗಳಿಂದ ಹತ್ತು ಹೆಜ್ಜೆ ದೂರ. ವೈಫೈ ಅಲ್ಲಿಗೆ ಚೆನ್ನಾಗಿ ಬರುತ್ತದೆ. “ಹನುಮಂತಯ್ಯ, ಪುಸ್ತಕ ಕೊಡು” ಅಂದೆ. ಪೊಲೀಸರು ಕೇಳಿದ್ದ ದಿನದ ಪುಟ ತೆಗೆದೆ. ಶರಣಪ್ಪ, ನೀಲಿ ಫೋನು, ಹಿಂಬದಿ ಒಡೆದದ್ದು, ಬೆಳಗ್ಗೆ ಏಳಕ್ಕೆ ಒಳಗೆ, ಹನ್ನೆರಡೂವರೆಗೆ ವಾಪಸ್. ಫೋನಿನ ಕಂಪನಿಯ ಹೆಸರನ್ನೂ ಹನುಮಂತಯ್ಯ ಬರೆದಿದ್ದ. ನನ್ನ ಲಾಗ್‌ನಲ್ಲಿದ್ದದ್ದೂ ಅದೇ ಕಂಪನಿಯ ಫೋನು.

ಹತ್ತೂವರೆಯಿಂದ ಹನ್ನೊಂದೂವರೆ. ಆ ಹೊತ್ತಿನಲ್ಲಿ ಫೋನ್ ಗೂಡಿನಲ್ಲಿತ್ತು. ಶರಣಪ್ಪ ಒಳಗೆ ಮಷಿನ್ ಮುಂದೆ ನಿಂತಿದ್ದ.

ಮೂವತ್ತು ವರ್ಷ ಎಲ್ಲವನ್ನೂ ಅನುಮಾನದಿಂದ ನೋಡಿದವಳು ನಾನು. ನನ್ನ ಯಂತ್ರ ಬರೆದದ್ದನ್ನು ಮಾತ್ರ ಅನುಮಾನಿಸಲಿಲ್ಲ. ಲಾಗ್ ಹೇಳಿದ್ದು ‘ಈ ಫೋನಿನಿಂದ ಹೋಯಿತು’ ಎಂದಷ್ಟೇ. ‘ಈ ಮನುಷ್ಯ ಮಾಡಿದ’ ಎಂದು ಬರೆದವಳು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ತಂದೆ ದಿನಕ್ಕೆರಡು ಸಲ ಹೇಳುತ್ತಿದ್ದರು, ಅವರ ಮಗಳು ಹತ್ತು ಹೆಜ್ಜೆ ನಡೆದು ಆ ಪುಸ್ತಕ ನೋಡಲಿಲ್ಲ.

ಭಾನುವಾರ ಬಾಗಲಗುಂಟೆಗೆ ಹೋದೆ. ರೂಮು ಹುಡುಕುವಷ್ಟರಲ್ಲಿ ಸಾಕಾಯಿತು. ಶರಣಪ್ಪ ಹೊರಗೆ ಬಟ್ಟೆ ಒಗೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಬನ್ನಿ ಅನ್ನಲಿಲ್ಲ. ಫೋನ್ ತೋರಿಸು ಅಂದೆ. ಕೊಟ್ಟ.

ಆಪ್ ಅಲ್ಲೇ ಇತ್ತು. ‘ಉಚಿತ, ಜಾಹೀರಾತಿಲ್ಲ, ನಿಮ್ಮ ಖಾಸಗಿತನ ಭದ್ರ’ ಎಂಬ ಅರ್ಥದ ಇಂಗ್ಲಿಷ್ ಮೇಲೆಯೇ ದಪ್ಪಗೆ ಇತ್ತು. ಕೆಳಗೆ, ಬೆರಳು ನೋಯುವಷ್ಟು ದೂರ ಜಾರಿಸಿದ ಮೇಲೆ, ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ಅದರ ಸಾರ ಇಷ್ಟು: ಫೋನ್ ಸುಮ್ಮನಿರುವಾಗ, ಚಾರ್ಜ್ ಆಗುತ್ತಿರುವಾಗ, ವೈಫೈ ಇರುವಾಗ ನಿಮ್ಮ ಇಂಟರ್ನೆಟ್ಟನ್ನು ನಮ್ಮ ಇತರ ಗ್ರಾಹಕರಿಗೆ ಬಳಸಲು ಕೊಡುತ್ತೇವೆ. ಅಂದರೆ ಲೋಕದ ಯಾವುದೋ ಮೂಲೆಯ ಕಳ್ಳ ಶರಣಪ್ಪನ ಫೋನಿನ ಒಳಗಿಂದ ಹಾದು, ನಮ್ಮ ಕಾರ್ಖಾನೆಯ ವಿಳಾಸ ಹೊತ್ತು, ಆ ಹೆಂಗಸಿನ ಬ್ಯಾಂಕಿನ ಬಾಗಿಲು ತಟ್ಟಿದ್ದ. ಲಾಗ್‌ನಲ್ಲಿ ನೋಡಿಯೂ ನಾನು ಮುಂದೆ ಹೋಗಿದ್ದ ಆ ಹೊರದೇಶದ ಸಂಪರ್ಕವೇ ಅವನು ಬಂದ ದಾರಿ. ಚಾರ್ಜರ್, ವೈಫೈ, ಐದೂವರೆ ಗಂಟೆ ಯಾರೂ ಮುಟ್ಟದ ಫೋನು. ಅವನಿಗೆ ನಮ್ಮ ಗೂಡಿಗಿಂತ ಒಳ್ಳೆಯ ಜಾಗ ಬೇರೆಲ್ಲೂ ಸಿಗುತ್ತಿರಲಿಲ್ಲ.

“ಇದನ್ನ ಯಾಕೆ ಹಾಕಿದ್ಯೋ ಶರಣಪ್ಪ?”

“ನನ್ನ ತಂಗಿಗೆ ಕಿವಿ ಕೇಳಂಗಿಲ್ರಿ, ಮಾತೂ ಬರಂಗಿಲ್ಲ. ಕೈಲೇ ಮಾತಾಡ್ತಾಳ್ರಿ. ವಿಡಿಯೋ ಇಲ್ದ ನಾ ಆಕಿ ಕೂಡ ಹೆಂಗ ಮಾತಾಡ್ಲಿ? ಊಟದ ಹೊತ್ತಿನ್ಯಾಗ ದಿನಾ ಕಾಯ್ತಿದ್ಲ್ರಿ. ಕ್ಯಾಂಟೀನ್‌ದಾಗ ವಿಡಿಯೋ ಬಂದ್ ಆತು. ಇದನ್ನ ಹಾಕ್ಕೊಂಡ್ರ ಬರ್ತೈತಿ ಅಂದ್ರು, ಹಾಕ್ಕೊಂಡೆ.”

ಬಂದ್ ಮಾಡಿದ್ದು ನಾನೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ನಾನೇ ಹೇಳಿದೆ. ಅವನು ಬಕೀಟಿನ ನೀರು ಚೆಲ್ಲಿದ. ಆಮೇಲೆ ಅಂದ, “ಅವತ್ತ ಒಂದ್ ಮಾತ್ ಕೇಳಿದ್ರ ಹೇಳ್ತಿದ್ನಲ್ರಿ ಮೇಡಂ, ಫೋನ್ ಗೂಡಿನ್ಯಾಗ ಇತ್ತು ಅಂತ.”

ಸೌಮ್ಯ, ನಿನ್ನ ಪ್ರಶ್ನೆಗೆ ಈಗ ಉತ್ತರ. ವಿಪಿಎನ್ ಹಾಕಿಕೊಂಡರೆ ನಿನ್ನ ಗುಟ್ಟು ಮಾಯವಾಗುವುದಿಲ್ಲ, ಅದನ್ನು ನೋಡುವವನು ಬದಲಾಗುತ್ತಾನೆ. ಮೊದಲು ನಿನ್ನ ನೆಟ್ ಕಂಪನಿಯವನು ನೋಡುತ್ತಿದ್ದ. ಅವನಿಗೆ ಆಫೀಸಿದೆ, ಲೈಸೆನ್ಸಿದೆ, ಹೋಗಿ ಜಗಳವಾದರೂ ಆಡಬಹುದು. ಈಗ ನೋಡುವವನಿಗೆ ಊರಿಲ್ಲ, ಹೆಸರಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಅವನಿಗೆ ಸುಲಭವಾಗಿ ಕಾಣಲಿಕ್ಕಿಲ್ಲ, ಒಳ್ಳೆಯ ತಾಣಗಳು ತಮ್ಮದೇ ಬೀಗ ಹಾಕಿಕೊಂಡಿರುತ್ತವೆ. ಆದರೆ ಯಾವ ಹೊತ್ತಿಗೆ ಯಾವ ಬ್ಯಾಂಕು, ಯಾವ ಆಸ್ಪತ್ರೆ, ಯಾವ ವಧೂವರರ ತಾಣ ಎಂಬುದು ಅವನಿಗೆ ತಿಳಿಯಬಹುದು. ‘ನಾವು ಲಾಗ್ ಇಡುವುದಿಲ್ಲ’ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಜೀವನವಿಡೀ ಲಾಗ್ ಇಟ್ಟವಳು ಹೇಳುತ್ತೇನೆ ಕೇಳು, ಇಟ್ಟಿದ್ದಾರೋ ಇಲ್ಲವೋ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಹೊರಗಿನವರಿಂದ ತಪಾಸಣೆ ಮಾಡಿಸಿದ್ದೇವೆ ಅನ್ನುವವರಿದ್ದಾರೆ. ಆ ತಪಾಸಣೆ ಮಾಡಿದವರು ಯಾರೆಂದು ಆಗಲೂ ನೋಡು.

ಪುಕ್ಕಟೆಯವೆಲ್ಲ ಕಳ್ಳರ ಸಂತೆ ಅನ್ನುವುದೂ ತಪ್ಪು. ದುಡ್ಡಿನ ಸೇವೆ ಮಾರುವವರು ರುಚಿ ನೋಡಲು ಸ್ವಲ್ಪ ಬಿಟ್ಟಿ ಕೊಡುವುದುಂಟು. ನಿಧಾನ, ಮಿತಿ ಬೇರೆ, ಆದರೆ ಅವರ ಹೊಟ್ಟೆಪಾಡು ಎಲ್ಲಿಂದ ನಡೆಯುತ್ತದೆಂದು ಗೊತ್ತಾಗುತ್ತದೆ. ಸರ್ವರಿಗೆ, ಕರೆಂಟಿಗೆ, ಸಂಬಳಕ್ಕೆ ಯಾರು ಕೊಡುತ್ತಾರೆ ಎಂದು ತಿಳಿಯದೇ ಹೋದರೆ, ಕೊಡುತ್ತಿರುವವಳು ನೀನೇ ಎಂದು ತಿಳಿದುಕೋ. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲರೂ ಸಾಚಾ ಆಗಿಬಿಡುವುದಿಲ್ಲ, ಅಲ್ಲೂ ಬೇಲಿಯೇ ಹೊಲ ಮೇಯುವುದುಂಟು. ವಿಪಿಎನ್ ಆಪ್ ನಿನ್ನ ಫೋನಿನ ಹೆಸರುಗಳ ಪಟ್ಟಿ, ಫೋಟೋ ಕೇಳಿದರೆ ಅಲ್ಲಿಗೇ ಬಿಡು. ಮತ್ತೆ, ಯಾರಾದರೂ ವಿಪಿಎನ್ ಹಾಕಿದ್ದಾರೆ ಅಂದ ಕೂಡಲೇ ಅವರನ್ನು ಕಳ್ಳರ ಸಾಲಿಗೆ ಸೇರಿಸಬೇಡ, ಯಾಕೆ ಹಾಕಿದಿರಿ ಎಂದು ಬಾಯಿಬಿಟ್ಟು ಕೇಳು.

ಸೋಮವಾರ ಸೋಮಶೇಖರ್ ಸಾರ್ ಮುಂದೆ ಪುಸ್ತಕ, ಲಾಗು, ಷರತ್ತಿನ ಪ್ರತಿ ಎಲ್ಲ ಇಟ್ಟೆ. ಅವರು ಓದಿದರು. ಕನ್ನಡಕ ತೆಗೆದರು.

“ಮೇಡಂ, ಈಗ ಇನ್ನೊಂದ್ ಲೆಟರ್ ಕಳ್ಸಿದ್ರೆ ನಮ್ ನೆಟ್‌ವರ್ಕ್ ಯಾರು ಬೇಕಾದ್ರೂ ಬಳಸ್ಬೋದು ಅಂತ ನಾವೇ ಬರ್ಕೊಟ್ಟಂಗೆ ಆಗುತ್ತೆ. ಗಿರಾಕಿಗಳಿಗೆ ಗೊತ್ತಾದ್ರೆ? ಅವನು ಕಾಂಟ್ರಾಕ್ಟಿನವನು. ಇನ್ನೊಂದ್ ಕಡೆ ಸೇರ್ಕೋತಾನೆ ಬಿಡಿ.”

“ಯಾರೂ ಸೇರಿಸ್ಕೋತಿಲ್ಲ ಸಾರ್. ಕೇಸಿನವನು ಅಂತಾರೆ.”

“ನಿಮ್ಮ ಹೆಸರಿಗೂ ಕೆಟ್ಟದು, ಯೋಚ್ನೆ ಮಾಡಿ. ನಿಮ್ಮ ವರದಿ ನೀವೇ ಸುಳ್ಳು ಅಂದಂಗೆ.”

“ಸುಳ್ಳೇ ಸಾರ್ ಅದು. ನಿಮ್ಮ ಲ್ಯಾಪ್‌ಟಾಪಿನಲ್ಲೂ ಒಂದ್ ಕಾಲಕ್ಕೆ ಇಂಥದ್ದೇ ಇತ್ತು. ನಿಮ್ಮ ಹೆಸರನ್ನ ಯಾರೂ ಸ್ಟೇಷನ್ನಿಗೆ ಕಳ್ಸಲಿಲ್ಲ.”

ಅವರು ಸಹಿ ಹಾಕಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನೇ ಬರೆದು, ನನ್ನೊಬ್ಬಳ ಸಹಿ ಹಾಕಿ, ಠಾಣೆಗೆ ಒಯ್ದೆ. ಅಲ್ಲಿನ ಅಧಿಕಾರಿ ಎರಡನ್ನೂ ಓದಿ, “ಇಟ್ಟು ಹೋಗಿ ಮೇಡಂ, ಫೈಲಿಗೆ ಹಾಕ್ತೀವಿ” ಅಂದರು. ಮೊದಲಿನದನ್ನು ವಾಪಸ್ ಕೊಡುತ್ತೀರಾ ಎಂದು ಕೇಳಿದೆ. ಹಾಗೆ ಕೊಡಲು ಬರುವುದಿಲ್ಲ ಅಂದರು. ಶರಣಪ್ಪನ ಫೋನ್ ತರಿಸಿ ನೋಡಿ ಕೆಲವು ತಿಂಗಳ ಮೇಲೆ ಹಿಂದಿರುಗಿಸಿದರು, ಮತ್ತೆ ಕರೆಯಲಿಲ್ಲ. ಕಾರ್ಖಾನೆ ಮಾತ್ರ ಅವನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಕ್ಯಾಂಟೀನಿನಲ್ಲಿ ವಿಡಿಯೋ ಕಾಲ್‌ಗಿದ್ದ ಬೀಗ ತೆಗೆದೆ. ಶರಣಪ್ಪ ಕೇಳಿದ ಮೇಲೆ ಎರಡನೇ ವರದಿಯ ಒಂದು ಝೆರಾಕ್ಸ್ ಅವನ ಕೈಗೆ ಕೊಟ್ಟೆ. ಹಾಗೆ ಕೊಡುವುದು ನಿಯಮಕ್ಕೆ ವಿರುದ್ಧ. ಕೊಟ್ಟೆ.

ನಿವೃತ್ತಿಯಾದ ಮೇಲೆ ಒಂದು ದಿನ ಪೀಣ್ಯದ ಮೆಟ್ರೋ ಮೆಟ್ಟಿಲ ಹತ್ತಿರ “ಮೇಡಂ” ಎಂದು ಯಾರೋ ಕರೆದರು. ಶರಣಪ್ಪ. ಸ್ವಲ್ಪ ದಪ್ಪಗಾಗಿದ್ದ. ಸಣ್ಣದೊಂದು ವರ್ಕ್‌ಶಾಪಿನಲ್ಲಿ ಕೆಲಸ, ಇನ್ನೂ ಕಾಯಂ ಅಲ್ಲ. ತಂಗಿ ಹೇಗಿದ್ದಾಳೆ ಅಂದೆ. ಆರಾಮ ಅಂದ. ಫೋನಿನಲ್ಲಿ ಈಗ ಏನೂ ಹಾಕಿಕೊಳ್ಳುವುದಿಲ್ಲವಂತೆ, ಯಾರು ಏನು ಕಳಿಸಿದರೂ ತೆರೆಯುವುದಿಲ್ಲವಂತೆ.

ಆಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಒಳಗೆ ನನ್ನ ಎರಡನೇ ವರದಿ ಇತ್ತು.

“ದಿನಾ ಇಟ್ಕೊಂಡೇ ಅಡ್ಡಾಡ್ತೀಯಾ?”

“ಹೌದ್ರಿ. ಇನ್ನೂ ಯಾರೂ ಕೇಳಿಲ್ಲ. ಕೇಳಿದ್ರ ಅಂತ.”

ಕಾಗದವನ್ನು ನನ್ನ ಮುಂದೆ ಹಿಡಿದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಮೇಡಂ, ನೀವು ರಿಟೈರ್ ಆದ್ರಿ ಅಂತ ಹೇಳಿದ್ರು. ಈ ಸಹಿ ಇನ್ನ ನಡಿತೈತೇನ್ರಿ?”

“ನಡೆಯುತ್ತೆ ಶರಣಪ್ಪ” ಅಂದೆ.

ನಿಜವಾಗಿ ನನಗೆ ಗೊತ್ತಿರಲಿಲ್ಲ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ, ನಾನು ಒಂದು ಕಾಲದಲ್ಲಿ ಎಲ್ಲರನ್ನೂ ನೋಡುತ್ತಿದ್ದಂತೆ. ಆಮೇಲೆ ಕಾಗದವನ್ನು ಜೋಪಾನವಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.